ರಾಮನಗರ ಪ್ರದೇಶದ ಶಿಶಿರ ಋತು

ರಾಮನಗರ ಪ್ರದೇಶದ ಶಿಶಿರ ಋತು ಎಂದರೆ ಕರ್ನಾಟಕದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಗಳಲ್ಲಿ ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರಗಳವರೆಗೆ ಕಾಣುವ ಚಳಿಗಾಲದ ಕೊನೆಯ ಅವಧಿ. ಆಡುಮಾತಿನಲ್ಲಿ ಇದನ್ನು ಮಾಗಿಯ ಕೊನೆ ಎನ್ನುತ್ತಾರೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಹರಡಿಕೊಂಡಿರುವ ಈ ದಿನಗಳಲ್ಲಿ ರಾತ್ರಿಯ ಚಳಿ ಇನ್ನೂ ಉಳಿದಿರುತ್ತದೆ, ಹಗಲಿನ ಬಿಸಿಲು ಬೇಸಿಗೆಯದಾಗಿರುತ್ತದೆ. ಮಾವು ಹೂಬಿಡುವುದು, ಎಲೆ ಉದುರಿಸುವ ಕಾಡಿನಲ್ಲಿ ಮುತ್ತುಗ ಮತ್ತು ಬೂರುಗ ಕೆಂಪಾಗುವುದು, ರಾಮದೇವರ ಬೆಟ್ಟದ ಬಂಡೆಗಳಲ್ಲಿ ರಣಹದ್ದುಗಳು ಕಾವು ಕೂತು ಮರಿ ಸಾಕುವುದು, ಉತ್ತರದಿಂದ ಬಂದ ವಲಸೆ ಹಕ್ಕಿಗಳು ಹಿಂದಿರುಗಲು ಅಣಿಯಾಗುವುದು ಇದೇ ಕಾಲದಲ್ಲಿ. ಕಾಡಿಗೆ ಬೆಂಕಿ ಬೀಳುವ ಭಯವೂ ಈಗಲೇ ಆರಂಭವಾಗುತ್ತದೆ.

ಕಾಲದ ಲೆಕ್ಕ

ಪಂಚಾಂಗದ ಪ್ರಕಾರ ಮಾಘ ಮತ್ತು ಫಾಲ್ಗುಣ ಮಾಸಗಳು ಸೇರಿ ಶಿಶಿರ ಋತು. ಸೌರಮಾನದಲ್ಲಿ ಇದು ಮಕರ ಸಂಕ್ರಮಣದಿಂದ ತೊಡಗುತ್ತದೆ. ಹೀಗಾಗಿ ಎರಡು ಲೆಕ್ಕಗಳ ನಡುವೆ ಕೆಲವು ವಾರಗಳ ವ್ಯತ್ಯಾಸ ಬರುವುದುಂಟು. ಭಾರತ ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಜನವರಿ ಮತ್ತು ಫೆಬ್ರವರಿ ಮಾತ್ರ ಚಳಿಗಾಲ, ಮಾರ್ಚ್ ಒಂದರಿಂದ ಮುಂಗಾರುಪೂರ್ವ ಅವಧಿ. ರೈತರ ಲೆಕ್ಕ ಇವೆರಡಕ್ಕೂ ಪೂರ್ತಿ ಹೊಂದುವುದಿಲ್ಲ. ಅವರಿಗೆ ರಾಗಿ ಕಣ ಮುಗಿದು, ಅವರೆ ಮುಗಿಯುತ್ತ ಬಂದು, ಹುಣಸೆ ಬಡಿಯುವ ಕೆಲಸ ಶುರುವಾದರೆ ಮಾಗಿ ಕಳೆಯಿತೆಂದು ಅರ್ಥ. ಶಿವರಾತ್ರಿಯ ದಿನ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತು ಹಳೆಯ ಮೈಸೂರಿನ ಎಲ್ಲೆಡೆ ಬಳಕೆಯಲ್ಲಿದೆ. ಶಿವರಾತ್ರಿ ಫೆಬ್ರವರಿ ಮಧ್ಯದಿಂದ ಮಾರ್ಚ್ ಎರಡನೆಯ ವಾರದೊಳಗೆ ಬರುವುದರಿಂದ ಈ ಮಾತು ಬಹುಪಾಲು ನಿಜವೇ ಆಗುತ್ತದೆ.

ನೆಲ

ರಾಮನಗರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 747 ಮೀಟರ್ ಎತ್ತರದಲ್ಲಿ, ಬೆಂಗಳೂರಿನಿಂದ ನೈಋತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ನಾಲ್ಕು ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಗಿದೆ. ಆಡಳಿತದ ಹೆಸರು ಏನೇ ಇರಲಿ, ಈ ಸೀಮೆಯ ಗುರುತು ಅದರ ಬಂಡೆಗಳು. ಸುಮಾರು 250 ಕೋಟಿ ವರ್ಷ ಹಳೆಯ ಈ ಶಿಲೆಯನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಕ್ಲೋಸ್‌ಪೇಟೆ ಎಂಬ ಹೆಸರು ಹೀಗೆ ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿದೆ. ರಾಮದೇವರ ಬೆಟ್ಟ, ಕೈಲಾಂಚ ಹೋಬಳಿಯ ರೇವಣಸಿದ್ಧೇಶ್ವರ ಬೆಟ್ಟ, ಮಾಗಡಿಯ ಸಾವನದುರ್ಗ ಇವೆಲ್ಲ ಇದೇ ಶಿಲೆಯ ಬೆಟ್ಟಗಳು. 1975ರಲ್ಲಿ ತೆರೆಕಂಡ ‘ಶೋಲೆ’ ಹಿಂದಿ ಚಲನಚಿತ್ರದ ಚಿತ್ರೀಕರಣ ನಡೆದದ್ದು ಈ ಬಂಡೆಗಳ ನಡುವೆಯೇ.

ಬಂಡೆಯ ಗುಣ ಇಲ್ಲಿನ ಚಳಿಗಾಲದ ಮೇಲೂ ಪರಿಣಾಮ ಬೀರುತ್ತದೆ. ಬರಿಯ ಕಲ್ಲು ಹಗಲಿನಲ್ಲಿ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ತಗ್ಗಿನ ಹೊಲ, ಕೆರೆ ಮತ್ತು ಅರ್ಕಾವತಿ, ಕಣ್ವ ನದಿಗಳ ಕಣಿವೆಗಳಲ್ಲಿ ರಾತ್ರಿಯ ತಂಪುಗಾಳಿ ಇಳಿದು ನಿಲ್ಲುತ್ತದೆ. ಆದ್ದರಿಂದ ಬೆಳಗಿನ ಏಳು ಗಂಟೆಗೆ ಬೆಟ್ಟದ ನೆತ್ತಿ ಬಿಸಿಲಿನಲ್ಲಿದ್ದರೂ ಬುಡದ ಊರುಗಳು ಕಾವಳದಲ್ಲಿ ಮುಳುಗಿರುವುದು ಜನವರಿಯಲ್ಲಿ ಸಾಮಾನ್ಯ ದೃಶ್ಯ.

ಹವಾಮಾನ

ಹಿಂಗಾರು ಮಳೆ ಡಿಸೆಂಬರ್ ಹೊತ್ತಿಗೆ ಹಿಂದೆ ಸರಿದ ಮೇಲೆ ಈಶಾನ್ಯ ಮತ್ತು ಪೂರ್ವ ದಿಕ್ಕಿನ ಒಣಗಾಳಿ ಬೀಸತೊಡಗುತ್ತದೆ. ಮೋಡವಿಲ್ಲದ ಆಕಾಶದಲ್ಲಿ ನೆಲದ ಬಿಸಿ ರಾತ್ರಿಯಿಡೀ ತಡೆಯಿಲ್ಲದೆ ಹೊರಹೋಗುತ್ತದೆ. ಬೆಳಗಿನ ಜಾವದ ಚಳಿಗೂ ಇಬ್ಬನಿಗೂ ಇದೇ ಕಾರಣ. ಸಮೀಪದಲ್ಲಿ ದೀರ್ಘಕಾಲದ ದಾಖಲೆಯಿರುವ ಬೆಂಗಳೂರು ನಗರದಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪಮಾನ ಸುಮಾರು 16 ಡಿಗ್ರಿ ಸೆಲ್ಸಿಯಸ್. ಅಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. ಅದು 1884ರ ಜನವರಿ 13ರಂದು. ರಾಮನಗರ ಬೆಂಗಳೂರಿಗಿಂತ ತಗ್ಗಿನಲ್ಲಿರುವುದರಿಂದ ಹಗಲಿನ ಬಿಸಿ ಇಲ್ಲಿ ತುಸು ಹೆಚ್ಚು.

ಫೆಬ್ರವರಿಯಲ್ಲಿ ಬದಲಾವಣೆ ವೇಗವಾಗಿ ನಡೆಯುತ್ತದೆ. ತಿಂಗಳ ಮೊದಲಲ್ಲಿ ಕಂಬಳಿ ಬೇಕೆನಿಸುವ ಮನೆಗಳಲ್ಲಿ ಕೊನೆಯ ಹೊತ್ತಿಗೆ ಫ್ಯಾನು ತಿರುಗುತ್ತಿರುತ್ತದೆ. ಹಗಲು ಉದ್ದವಾಗುವುದಕ್ಕಿಂತ ನೆಲ ಒಣಗಿರುವುದು ಇದಕ್ಕೆ ದೊಡ್ಡ ಕಾರಣ. ತೇವವಿರುವ ನೆಲದಲ್ಲಿ ಬಿಸಿಲಿನ ಶಕ್ತಿಯ ಒಂದು ಪಾಲು ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಒಣನೆಲದಲ್ಲಿ ಅಷ್ಟೂ ಗಾಳಿಯನ್ನು ಕಾಯಿಸುವುದಕ್ಕೆ ಹೋಗುತ್ತದೆ. ಜನವರಿ ಮತ್ತು ಫೆಬ್ರವರಿ ಇಲ್ಲಿ ವರ್ಷದಲ್ಲೇ ಅತಿ ಕಡಿಮೆ ಮಳೆಯ ತಿಂಗಳುಗಳು. ಮಾವಿನ ಮಳೆ ಎನ್ನುವ ಗುಡುಗುಮಳೆ ಬರುವುದು ಮಾರ್ಚ್ ಕಳೆದ ಮೇಲೆ.

ಇದೇ ವಾರಗಳಲ್ಲಿ ದೇಶದ ಬೇರೆ ಭಾಗಗಳ ಸ್ಥಿತಿ ಬೇರೆ. ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಕ್ಷೋಭೆ’ಗಳು ಕಾಶ್ಮೀರ ಮತ್ತು ಹಿಮಾಚಲಕ್ಕೆ ಹಿಮವನ್ನೂ ಪಂಜಾಬಿನ ಗೋಧಿಗೆ ಮಳೆಯನ್ನೂ ತರುತ್ತವೆ. ಗಂಗಾ ಬಯಲು ದಟ್ಟ ಮಂಜಿನಿಂದ ಆಗತಾನೆ ಬಿಡಿಸಿಕೊಳ್ಳುತ್ತಿರುತ್ತದೆ. ಉತ್ತರ ಭಾರತದಲ್ಲಿ ವಸಂತವೆಂದು ಕರೆಯುವಂಥ ಹಿತವಾದ ಕಾಲ ಫೆಬ್ರವರಿಯಲ್ಲಿ ಬಂದರೆ, ರಾಮನಗರದಲ್ಲಿ ಆ ಹಿತ ಜನವರಿಗೇ ಮುಗಿದಿರುತ್ತದೆ. ಉತ್ತರದ ಕಾವ್ಯ ಮತ್ತು ಪಂಚಾಂಗಗಳ ಆರು ಋತುಗಳನ್ನು ದಕ್ಷಿಣದ ಒಳನಾಡಿಗೆ ಅನ್ವಯಿಸುವಾಗ ಬರುವ ತೊಡಕು ಇದು.

ದೇಶದ ಒಟ್ಟು ಸರಾಸರಿಯಲ್ಲಿಯೂ ಫೆಬ್ರವರಿ ಬಿಸಿಯಾಗುತ್ತಿದೆ. 1901ರಿಂದ ದಾಖಲೆಯಿರುವಂತೆ, ಸರಾಸರಿ ಗರಿಷ್ಠ ತಾಪಮಾನದಲ್ಲಿ 2023ರ ಫೆಬ್ರವರಿ ಅದುವರೆಗಿನ ಅತಿ ಬಿಸಿಯ ಫೆಬ್ರವರಿ ಎನಿಸಿತು (29.54 ಡಿಗ್ರಿ). ಎರಡೇ ವರ್ಷಗಳ ನಂತರ, 2025ರ ಫೆಬ್ರವರಿ ಹಗಲು ರಾತ್ರಿ ಸೇರಿದ ಸರಾಸರಿಯಲ್ಲಿ (22.04 ಡಿಗ್ರಿ) ಮೊದಲ ಸ್ಥಾನಕ್ಕೆ ಬಂತು. ಚಳಿ ಕಡಿಮೆಯಾದರೆ ಒಳ್ಳೆಯದೇ ಎಂದು ಮೇಲುನೋಟಕ್ಕೆ ಅನಿಸಬಹುದು. ಮಾವಿನ ತೋಟಗಾರರಿಗೆ ಹಾಗನಿಸುವುದಿಲ್ಲ.

ಮಾವು

ರಾಮನಗರ ಸೀಮೆ ರಾಜ್ಯದ ಮುಖ್ಯ ಮಾವು ಬೆಳೆಯುವ ಪ್ರದೇಶಗಳಲ್ಲಿ ಒಂದು. ಬಾದಾಮಿ, ರಸಪುರಿ, ಸೇಂದೂರ, ತೋತಾಪುರಿ ಇಲ್ಲಿನ ಪ್ರಮುಖ ತಳಿಗಳು. ಕೋಲಾರದ ಶ್ರೀನಿವಾಸಪುರದ ಹಣ್ಣಿಗಿಂತ ರಾಮನಗರದ ಹಣ್ಣು ಮೊದಲೇ ಮಾರುಕಟ್ಟೆಗೆ ಬರುವುದರಿಂದ ಆರಂಭದ ಬೆಲೆಯ ಲಾಭ ಇಲ್ಲಿನವರಿಗೆ ಸಿಗುತ್ತದೆ. ಆ ಲಾಭ ನಿರ್ಧಾರವಾಗುವುದು ಬೇಸಿಗೆಯಲ್ಲಲ್ಲ, ಮಾಗಿಯಲ್ಲಿ.

ಮಾವು ಹೂಬಿಡಲು ಬಲಿತ ಕೊನೆಗಳು, ಒಣಹವೆ ಮತ್ತು ತಂಪು ರಾತ್ರಿಗಳು ಬೇಕು. ಕೆಲವು ವಾರ ರಾತ್ರಿಯ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಕೊನೆಯ ಮೊಗ್ಗು ಹೂಗೊಂಚಲಾಗಿ ಒಡೆಯುತ್ತದೆ. ಚಳಿ ಸಾಲದಿದ್ದರೆ ಅಥವಾ ಡಿಸೆಂಬರ್‌ನಲ್ಲಿ ಮಳೆ ಬಿದ್ದರೆ ಅದೇ ಮೊಗ್ಗು ಚಿಗುರಾಗಿ ಹೊರಬರುತ್ತದೆ. ಅಂಥ ವರ್ಷ ತೋಟ ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಫಸಲು ಇರುವುದಿಲ್ಲ. ಹೂ ಬಂದ ಮೇಲೂ ಅಪಾಯ ತಪ್ಪಿದ್ದಲ್ಲ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿರುತ್ತವೆ. ಅವುಗಳಲ್ಲಿ ಕಾಯಿಯಾಗಿ ಬಲಿಯುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ತಂಪು ರಾತ್ರಿ, ಬೆಚ್ಚನೆಯ ಹಗಲು ಮತ್ತು ಇಬ್ಬನಿ ಒಟ್ಟಿಗೆ ಸೇರಿದರೆ ಬೂದಿರೋಗದ ಶಿಲೀಂಧ್ರ ಹೂವಿನ ಮೇಲೆ ಬಿಳಿ ಪುಡಿಯಂತೆ ಹಬ್ಬುತ್ತದೆ. ಜಿಗಿಹುಳುಗಳು ಹೂಕಾಂಡದ ರಸ ಹೀರಿ ಅಂಟುದ್ರವ ಸೂಸುತ್ತವೆ, ಅದರ ಮೇಲೆ ಕಪ್ಪು ಬೂಸ್ಟು ಬೆಳೆಯುತ್ತದೆ.

ಇದರ ಹತೋಟಿಗೆ ಔಷಧಿ ಸಿಂಪಡಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಮಾವಿನ ಪರಾಗಸ್ಪರ್ಶ ನಡೆಯುವುದು ಮುಖ್ಯವಾಗಿ ನೊಣಗಳಿಂದ ಮತ್ತು ಜೇನುಗಳಿಂದ. ಹೂ ಪೂರ್ತಿ ಅರಳಿದಾಗ ಕೀಟನಾಶಕ ಹೊಡೆದರೆ ಜಿಗಿಹುಳುವಿನೊಂದಿಗೆ ಅವೂ ಸಾಯುತ್ತವೆ. ಹೂ ಅರಳುವ ಮೊದಲು ಒಮ್ಮೆ, ಕಾಯಿ ಕಚ್ಚಿದ ಮೇಲೆ ಒಮ್ಮೆ ಸಿಂಪಡಿಸಿ, ನಡುವೆ ತೋಟವನ್ನು ಬಿಟ್ಟುಬಿಡಬೇಕೆಂಬ ಸಲಹೆ ಇರುವುದು ಇದಕ್ಕಾಗಿ. ಹೂ ಒಂದೇ ಸಲಕ್ಕೆ ಬಾರದೆ ಎರಡು ಮೂರು ಕಂತುಗಳಲ್ಲಿ ಬಂದ ವರ್ಷ ಈ ಸಲಹೆಯನ್ನು ಪಾಲಿಸುವುದು ಕಷ್ಟ.

ರೇಷ್ಮೆ ಮತ್ತು ಇತರ ಬೆಳೆಗಳು

ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿರುವ ರಾಮನಗರದ ಸುತ್ತಮುತ್ತ ಮನೆಮನೆಯಲ್ಲಿ ಹುಳು ಸಾಕುತ್ತಾರೆ. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ, ಬಲಿತ ಹುಳುವಿಗೆ 24ರಿಂದ 25 ಡಿಗ್ರಿ ಬಿಸಿ ಬೇಕು. ಮಾಗಿಯ ರಾತ್ರಿ ಅದಕ್ಕಿಂತ ಹತ್ತು ಡಿಗ್ರಿ ತಂಪಾಗಿರುವುದರಿಂದ ಹುಳುಮನೆಯನ್ನು ಇದ್ದಿಲಿನಿಂದಲೋ ವಿದ್ಯುತ್ ಹೀಟರಿನಿಂದಲೋ ಕಾಯಿಸಬೇಕಾಗುತ್ತದೆ. ಫೆಬ್ರವರಿ ಕಳೆಯುವಷ್ಟರಲ್ಲಿ ಸಮಸ್ಯೆ ತಿರುಗಿಬೀಳುತ್ತದೆ. ಆಗ ಒಣಗಾಳಿಗೆ ಸೊಪ್ಪು ಬಾಡದಂತೆ ಒದ್ದೆ ಗೋಣಿಚೀಲ ಕಟ್ಟಿ ತೇವ ಕಾಯ್ದುಕೊಳ್ಳಬೇಕು.

ಮಾಗಡಿಯ ಅವರೆಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಪ್ರತ್ಯೇಕ ಹೆಸರಿದೆ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂಬಿಡುವ ಸಸ್ಯವಾದ್ದರಿಂದ ಅದರ ಕಾಯಿ ಮಾಗಿಗೇ ಮೀಸಲು. ಕಾಯಿಯ ಮೇಲಿನ ಅಂಟಾದ, ಘಮದ ಸೊಗಡು ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಹೆಚ್ಚುತ್ತದೆಂದು ಬೆಳೆಗಾರರೂ ಕೊಳ್ಳುವವರೂ ನಂಬುತ್ತಾರೆ.

ಕಾಡಿನ ಮರಗಳು

ಇಲ್ಲಿನ ಕಾಡು ಬಹುತೇಕ ಎಲೆ ಉದುರಿಸುವ ಒಣಕಾಡು ಮತ್ತು ಕುರುಚಲು. ನೀರಿನ ಉಳಿತಾಯಕ್ಕಾಗಿ ಮರಗಳು ಜನವರಿಯಿಂದ ಎಲೆ ಕಳಚತೊಡಗುತ್ತವೆ. ಹಲವು ಮರಗಳು ಬೋಳಾಗಿರುವಾಗಲೇ ಹೂಬಿಡುತ್ತವೆ. ಎಲೆಯ ಮರೆಯಿಲ್ಲದಿರುವುದರಿಂದ ಹೂ ದೂರಕ್ಕೆ ಕಾಣುತ್ತದೆ, ಬೀಜಗಳು ಮುಂಗಾರಿನ ಹೊತ್ತಿಗೆ ನೆಲ ಸೇರುತ್ತವೆ. ಮೊದಲು ಬೂರುಗದ ದಪ್ಪ ಕೆಂಪು ಹೂಗಳು, ಹಿಂದೆಯೇ ಮುತ್ತುಗದ ಕಿತ್ತಳೆ ಬಣ್ಣದ ಗೊಂಚಲುಗಳು ಕಾಣಿಸಿಕೊಳ್ಳುತ್ತವೆ. ಸಾವನದುರ್ಗದ ಕಡೆ ಫೆಬ್ರವರಿ ಮಾರ್ಚ್‌ನಲ್ಲಿ ಜಾಲಾರಿ ಮರದ ಬಿಳಿ ಹೂವಿನ ಕಂಪು ದಾರಿಗೇ ಹರಡಿರುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರವೂ ಈ ಕಾಡಿನದೇ. ಅದರ ಜೋಡಿ ಕೋಡುಗಳು ಒಣಗಿ ಬಿರಿದು ರೇಷ್ಮೆಯಂಥ ಎಳೆ ಹೊತ್ತ ಬೀಜಗಳನ್ನು ಗಾಳಿಗೆ ಬಿಡುತ್ತವೆ.

ಊರುಗಳ ಹೊಂಗೆ ಮತ್ತು ಅರಳಿ ಎಲೆ ಉದುರಿಸಿ ಕೆಲವೇ ದಿನ ಬೋಳಾಗಿದ್ದು ಮತ್ತೆ ಚಿಗುರುತ್ತವೆ. ಹೊಂಗೆಯ ಹೂ ಮತ್ತು ಬೇವಿನ ಹೂ ಯುಗಾದಿಯ ಹೊತ್ತಿಗೆ ಸೇರಿದವು. ಅವು ಶಿವರಾತ್ರಿಗೇ ಕಾಣಿಸಿಕೊಂಡರೆ ಹಿರಿಯರು ಗಮನಿಸಿ ಹೇಳುವುದುಂಟು.

ರಣಹದ್ದುಗಳು

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ರಣಹದ್ದು (ಜಿಪ್ಸ್ ಇಂಡಿಕಸ್) ಈ ಋತುವಿನ ಅತಿ ಮುಖ್ಯ ಜೀವಿ. ಅದರ ರಕ್ಷಣೆಗಾಗಿ 346.14 ಹೆಕ್ಟೇರ್ ಪ್ರದೇಶವನ್ನು 2012ರ ಜನವರಿಯಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ರಣಹದ್ದುಗಳಿಗೆಂದೇ ಮೀಸಲಾದ ದೇಶದ ಮೊದಲ ಧಾಮವೆಂದು ಇದು ಹೆಸರಾಗಿದೆ. ಬಿಳಿ ರಣಹದ್ದು ಕೂಡ ಇಲ್ಲಿ ಕಾಣಸಿಗುತ್ತದೆ.

ಉದ್ದಕೊಕ್ಕಿನ ರಣಹದ್ದು ಚಳಿಗಾಲದಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಸರದಿಯಂತೆ ಸುಮಾರು 50 ದಿನ ಕಾವು ಕೂರುತ್ತವೆ. ಮರಿ ಹಾರಲು ಕಲಿಯುವುದಕ್ಕೆ ಮತ್ತೆ ಮೂರು ತಿಂಗಳಿಗೂ ಹೆಚ್ಚು ಬೇಕು. ಅಂದರೆ ಫೆಬ್ರವರಿಯಲ್ಲಿ ಗೂಡಿನಲ್ಲಿರುವುದು ಮೊಟ್ಟೆ ಅಥವಾ ಎಳೆಯ ಮರಿ. ಹೊತ್ತೇರಿ ಬಂಡೆ ಕಾದ ಮೇಲೆ ಮೇಲೇಳುವ ಬಿಸಿಗಾಳಿಯನ್ನು ಹಿಡಿದು ರೆಕ್ಕೆ ಬಡಿಯದೆ ಸುತ್ತುತ್ತ ಎತ್ತರಕ್ಕೇರುವ ಈ ಹಕ್ಕಿಗಳನ್ನು ನೋಡಲು ಬೆಳಗಿನ ಒಂಬತ್ತರ ನಂತರದ ಹೊತ್ತು ತಕ್ಕದ್ದು. ಚಾರಣಿಗರ ಗದ್ದಲ, ಬಂಡೆಯೇರುವ ಸಾಹಸ ಮತ್ತು ಬೆಂಕಿ ಮೂರೂ ಗೂಡಿಗೆ ಅಪಾಯಕಾರಿಯಾಗುವುದು ಇದೇ ತಿಂಗಳುಗಳಲ್ಲಿ.

ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಈ ಹಕ್ಕಿ ಈಗ ಇಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಕುಸಿತ ರಾಮನಗರಕ್ಕೆ ಸೀಮಿತವಲ್ಲ. 1990ರ ದಶಕದಿಂದ ಭಾರತದ ಜಿಪ್ಸ್ ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ನಾಶವಾದವು. ದನಗಳ ನೋವು ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದಿನ ದೇಹ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆಂದು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನ ತೋರಿಸಿತು. ಭಾರತ 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಅವನ್ನೂ ನಿಲ್ಲಿಸಲಾಯಿತು. ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳ ಪಶುಬಳಕೆಗೆ 2023ರಲ್ಲಿ ನಿಷೇಧ ಬಂತು. ವರ್ಷಕ್ಕೆ ಒಂದೇ ಮೊಟ್ಟೆ, ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ಎಂಬ ಲೆಕ್ಕದಲ್ಲಿ, ಔಷಧಿ ಪೂರ್ತಿ ನಿಂತರೂ ಸಂಖ್ಯೆ ಹೆಚ್ಚುವುದು ಬಹಳ ನಿಧಾನ. ಒಂದು ಋತುವಿನಲ್ಲಿ ಒಂದು ಗೂಡು ಕೆಟ್ಟರೂ ಇಲ್ಲಿ ಅದು ಸಣ್ಣ ನಷ್ಟವಲ್ಲ.

ಇತರ ಹಕ್ಕಿಗಳು

ಬಂಡೆಬೆಟ್ಟಗಳ ಕುರುಚಲಿನಲ್ಲಿ ವಾಸಿಸುವ ಹಳದಿ ಕತ್ತಿನ ಪಿಕಳಾರ ಪರ್ಯಾಯ ದ್ವೀಪದ ದಕ್ಷಿಣ ಭಾಗಕ್ಕೆ ಮಾತ್ರ ಸೀಮಿತವಾದ ಹಕ್ಕಿ. ಅದನ್ನು ನೋಡಲೆಂದೇ ಹೊರರಾಜ್ಯಗಳಿಂದ ಪಕ್ಷಿವೀಕ್ಷಕರು ರಾಮನಗರಕ್ಕೆ ಬರುತ್ತಾರೆ. ಕೊಂಬಿನ ಗೂಬೆ ಬಂಡೆಯ ಸಂದುಗಳಲ್ಲಿ ಮರಿ ಮಾಡುವುದೂ ಈ ಕಾಲದಲ್ಲಿಯೇ. ಕಂಚುಕುಟಿಗನ ‘ಟುಕ್ ಟುಕ್’ ಸದ್ದು ಫೆಬ್ರವರಿಯಲ್ಲಿ ಬಿಡುವಿಲ್ಲದಂತಾಗುತ್ತದೆ. ಗಂಡು ಕೋಗಿಲೆಯೂ ದನಿ ತೆಗೆಯುತ್ತದೆ. ಕೋಗಿಲೆ ವರ್ಷವಿಡೀ ಇಲ್ಲಿಯೇ ಇರುವ ಹಕ್ಕಿ. ಚಳಿಗಾಲದಲ್ಲಿ ಸುಮ್ಮನಿರುವುದರಿಂದ ಅದು ವಸಂತಕ್ಕೆ ಬಂದಿತೆಂಬ ಭಾವನೆ ಹುಟ್ಟಿದೆ.

ವಲಸೆ ಬಂದವುಗಳಲ್ಲಿ ಬೂದು ಸಿಪಿಲೆ, ಕವಲುತೋಕೆಗಳು ಮತ್ತು ಎಲೆಗಳ ನಡುವೆ ಅಡಗುವ ಹಲವು ಬಗೆಯ ಉಲಿಯಕ್ಕಿಗಳು ಮಾರ್ಚ್ ಏಪ್ರಿಲ್‌ವರೆಗೂ ಇರುತ್ತವೆ. ಮಧ್ಯ ಏಷ್ಯಾದಲ್ಲಿ ಮರಿಮಾಡುವ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಬೂರುಗ, ಮುತ್ತುಗಗಳ ಮಕರಂದಕ್ಕೆ ಮುತ್ತುತ್ತವೆ. ಹೊರಡುವ ಮುನ್ನ ಅವುಗಳಿಗೆ ಬೇಕಾದ ಕೊಬ್ಬು ಸೇರುವುದು ಈ ಕೆಂಪು ಹೂಗಳಿಂದ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಪಟ್ಟೆತಲೆಯ ಹೆಬ್ಬಾತುಗಳಿಗೆ ಪ್ರಸಿದ್ಧವಾದ ‘ಮಾಗಡಿ ಕೆರೆ’ ರಾಮನಗರದ ಮಾಗಡಿ ತಾಲ್ಲೂಕಿನದಲ್ಲ. ಅದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಗ್ರಾಮದ ಕೆರೆ. ಹಿಮಾಲಯವನ್ನು ದಾಟಿ ಬರುವ ಆ ಹೆಬ್ಬಾತುಗಳು ಅಲ್ಲಿಂದ ಫೆಬ್ರವರಿ ಮಾರ್ಚ್ ಹೊತ್ತಿಗೆ ಹಿಂದಿರುಗುತ್ತವೆ. ರಾಮನಗರ ಸೀಮೆಯವರಿಗೆ ಸಮೀಪದ ದೊಡ್ಡ ಹಕ್ಕಿತಾಣವೆಂದರೆ ಚನ್ನಪಟ್ಟಣದ ಆಚೆ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿರುವ ಕೊಕ್ಕರೆ ಬೆಳ್ಳೂರು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮಾಗಿಯಲ್ಲಿ ಬಂದು ಊರೊಳಗಿನ ಹುಣಸೆ ಮರಗಳಲ್ಲಿ ಗೂಡುಕಟ್ಟುತ್ತವೆ. ಗೂಡಿರುವ ಮರದ ಹುಣಸೆಯನ್ನು ಬಡಿಯದೆ ಬಿಡುವವರಿಗೆ ಪರಿಹಾರ ಕೊಡುವ ವ್ಯವಸ್ಥೆ ಬಂದದ್ದು, ಹುಣಸೆಯ ಕೊಯ್ಲೂ ಹಕ್ಕಿಯ ಗೂಡೂ ಒಂದೇ ಕಾಲಕ್ಕೆ ಬೀಳುವುದರಿಂದ.

ಬೆಂಕಿ ಮತ್ತು ಆನೆ

ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲೂ ಲಂಟಾನವೂ ಫೆಬ್ರವರಿಗೆ ಒಣಗಿ ನಿಂತಿರುತ್ತವೆ. ಬೆಂಕಿ ತಾನಾಗಿ ಹುಟ್ಟುವುದು ಇಲ್ಲಿ ಇಲ್ಲವೆಂದೇ ಹೇಳಬಹುದು. ಬೀಡಿ ತುಂಡು, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಿಡಿ, ಹೊಲದ ಕಸ ಸುಡುವಾಗ ಕೈಮೀರಿದ ಉರಿ ಇವೇ ಕಾರಣಗಳು. ಅರಣ್ಯ ಇಲಾಖೆ ಬೇಸಿಗೆಗೆ ಮುನ್ನ ಬೆಂಕಿರೇಖೆಗಳನ್ನು ಸವರುತ್ತದೆ. ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳು, ಆಮೆ ಮತ್ತು ಎಳೆಯ ಸಸಿಗಳು ಮೊದಲು ಸುಡುತ್ತವೆ. ಸುಟ್ಟ ಜಾಗದಲ್ಲಿ ಲಂಟಾನ ಮತ್ತೆ ಬೇಗ ಚಿಗುರುವುದರಿಂದ ಮುಂದಿನ ಬೆಂಕಿಗೆ ಇನ್ನಷ್ಟು ಸೌದೆ ಸಿದ್ಧವಾಗುತ್ತದೆ.

ಕನಕಪುರದ ದಕ್ಷಿಣಕ್ಕೆ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ಸುತ್ತ ಕಾವೇರಿ ವನ್ಯಜೀವಿ ಧಾಮವೂ, ಪೂರ್ವಕ್ಕೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೂ ಇವೆ. ಅಲ್ಲಿಂದ ಹೊರಡುವ ಆನೆಗಳು ತೆಂಗಿನಕಲ್ಲು ಮುಂತಾದ ತುಂಡುಕಾಡುಗಳಲ್ಲಿ ಹಗಲು ಕಳೆದು ಕೈಲಾಂಚ ಮತ್ತು ಚನ್ನಪಟ್ಟಣ ಕಡೆಯ ಹೊಲಗಳಿಗೆ ರಾತ್ರಿ ಇಳಿಯುತ್ತವೆ. ರಾಗಿಯ ಕಾಲ ಮುಗಿದ ಮೇಲೂ ಬಾಳೆ, ತೆಂಗು ಮತ್ತು ಕೆರೆಯ ನೀರು ಅವನ್ನು ಸೆಳೆಯುತ್ತವೆ. ಮುಂಜಾನೆಯ ಕಾವಳದಲ್ಲಿ ಹತ್ತಡಿ ದೂರದ ಆನೆಯೂ ಕಾಣದಿರುವುದು ಹಾಲು ಹಾಕಲು, ನೀರು ಕಟ್ಟಲು ಹೊರಡುವವರಿಗೆ ಈ ಋತುವಿನ ನಿಜವಾದ ಅಪಾಯ.

ದಾಖಲಾತಿ

ಋತುಗಳ ಇಂಥ ಗುರುತುಗಳನ್ನು ದೇಶದಾದ್ಯಂತ ಸಾಮಾನ್ಯ ಜನರೇ ದಾಖಲಿಸುವ ಯೋಜನೆಗಳಿವೆ. ವಲಸೆ ಹಕ್ಕಿಗಳ ಆಗಮನ ನಿರ್ಗಮನಗಳಿಗಾಗಿ ‘ಮೈಗ್ರೆಂಟ್‌ವಾಚ್’ 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಆರಂಭವಾಯಿತು. ಮರಗಳ ಎಲೆ, ಹೂ, ಹಣ್ಣುಗಳನ್ನು ವಾರವಾರವೂ ಗಮನಿಸುವ ‘ಸೀಸನ್‌ವಾಚ್’ನಲ್ಲಿ ಶಾಲಾಮಕ್ಕಳ ಪಾಲು ದೊಡ್ಡದು. ಅಮೆರಿಕದಲ್ಲಿ 1998ರಲ್ಲಿ ಹುಟ್ಟಿದ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ನಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಪ್ರತಿ ಫೆಬ್ರವರಿಯ ನಾಲ್ಕು ದಿನ ನಡೆಯುವ ಈ ಗಣತಿಯಲ್ಲಿ ಯಾರು ಬೇಕಾದರೂ ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳ ಪಟ್ಟಿಯನ್ನು ‘ಇಬರ್ಡ್’ ತಾಣಕ್ಕೆ ಸೇರಿಸಬಹುದು. ಅಪರೂಪದ ಹಕ್ಕಿ ಕಾಣಲೇಬೇಕೆಂಬ ನಿಯಮವಿಲ್ಲ. ಹಿತ್ತಲಿನ ಕಾಗೆ, ಮೈನಾ, ಪಿಕಳಾರಗಳ ಎಣಿಕೆಯೂ ಅಷ್ಟೇ ಉಪಯುಕ್ತ. ಉದ್ದಕೊಕ್ಕಿನ ರಣಹದ್ದಿನಂಥ ಅಳಿವಿನಂಚಿನ ಹಕ್ಕಿಯ ಗೂಡಿನ ನಿಖರ ಜಾಗವನ್ನು ಮಾತ್ರ ಬಹಿರಂಗಪಡಿಸದಿರುವುದು ವೀಕ್ಷಕರಲ್ಲಿ ರೂಢಿ.